ಎಂಟು ಟ್ರ್ಯಾಕಿನ ಪೆಟ್ಟಿಗೆ

ಹಾಡು ಹಿಡಿಯೋಣವೆಂದು ಮನೆಯಲ್ಲಿ ಒಂದು ಕೋಣೆ ಮಾಡಿಟ್ಟರೆ, ಹಾಡಿನ ಜೊತೆ ಮತ್ತೇನೇನೋ ಬಂದು ಸಿಕ್ಕಿಬೀಳುತ್ತದೆ. ನಮ್ಮಲ್ಲಂತೂ ಅದು ನಿಂತದ್ದೇ ಇಲ್ಲ.

ನಾನು ಗೋಕಾಕದ ಒಂದು ಸಾಲಿಯಲ್ಲಿ ಸಂಗೀತ ಕಲಿಸುವವಳು. ಸುತ್ತಲಿನ ಹಳ್ಳಿಗಳ ಭಜನಾ ಮಂಡಳಿಗಳ ಪದ ಚೆಂದಾಗಿ ರೆಕಾರ್ಡ್ ಆಗಬೇಕೆಂಬ ಹುಚ್ಚು ಹಿಡಿಯಿತು. ಹಿತ್ತಲ ಕಡೆ ಜೋಳದ ಚೀಲ ಇಡುತ್ತಿದ್ದ ಕೋಣೆಯನ್ನು ತೆರವು ಮಾಡಿಸಿ ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟೆ. ಒಬ್ಬೊಬ್ಬರ ದನಿಯನ್ನು ಬೇರೆಬೇರೆ ಟ್ರ್ಯಾಕಿನಲ್ಲಿ ಹಿಡಿದು ಆಮೇಲೆ ಕೂಡಿಸುವ ಕೆಲಸ ಇದು. ನನ್ನ ಗಂಡ ಇದನ್ನು ಹೊರಗಿನವರಿಗೆ ಹೇಳುವ ರೀತಿಯೇ ಬೇರೆ: “ಪಲ್ಯಾ, ಬ್ಯಾಳಿ, ಝುಣಕಾ ಬ್ಯಾರೆಬ್ಯಾರೆ ಮಾಡಿ ಒಂದ ತಾಟಿಗೆ ಬಡಿಸಿದಂಗ್ರಿ.”

ಬಾರಿಸುವವರು ಎಷ್ಟು ಮಂದಿ?

ಮೊದಲು ಬೇಕಾದದ್ದು ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ. ಎರಡು ಮೈಕಿನದೂ ಇತ್ತು, ಎಂಟರದೂ ಇತ್ತು. ಗಂಡನನ್ನು ಕರೆದುಕೊಂಡು ಬೆಳಗಾವಿಯ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಅವರದು ಒಂದೇ ಮಾತು, “ಎರಡರದ್ದ ಸಾಕು.” ನನ್ನದೂ ಒಂದೇ ಮಾತು, “ತಾಳ, ದಮ್ಮಡಿ, ಪೇಟಿ, ತಬಲಾ ಎಲ್ಲಾ ಒಮ್ಮೆ ಕುಂತರ ಎರಡರಾಗ ಏನ ಹಿಡೀಲಿ?”

ಅಂಗಡಿಯವರು ನಯವಾಗಿ ಕೇಳಿದರು, “ನಿಮ್ಮಲ್ಲಿ ಒಮ್ಮಿಗೆ ಎಷ್ಟ ಮಂದಿ ಬಾರಸ್ತಾರ್ರಿ?”

ನಾನು ಬಾಯಿ ತೆರೆಯುವ ಮೊದಲೇ ಗಂಡ ಹೇಳಿದರು, “ನಮ್ಮ ಮನ್ಯಾಗ ಬಾರಸಾಕಿ ಇಕಿ ಒಬ್ಬಾಕಿನರಿ.”

ಅಂಗಡಿಯವರು ನಗಲಿಲ್ಲ. ಎದ್ದು ಬಂದು ನನ್ನ ಗಂಡನಿಗೆ ಕುರ್ಚಿ ಹಾಕಿ, ಕುಡಿಯಲು ನೀರು ಕೊಟ್ಟರು. ಎಂಟರ ಪೆಟ್ಟಿಗೆಯನ್ನು ನನ್ನ ಮುಂದಿಟ್ಟು ಮೆಲ್ಲಗೆ ಅಂದರು, “ಇದನ್ನ ಒಯ್ದಬಿಡ್ರಿ ಅಕ್ಕಾರ. ಸಾಹೇಬ್ರ ಬೆನ್ನ ಸ್ವಲ್ಪ ಹಗುರಾಗ್ಲಿ.”

ಗೋಡೆಗೆ ಥಂಡಿ

ಪೆಟ್ಟಿಗೆ ಬಂತು, ಆದರೆ ಕೋಣೆಯಲ್ಲಿ ಒಂದು ಮಾತಾಡಿದರೆ ಎರಡು ಕೇಳುತ್ತಿತ್ತು. ಗೋಡೆಗೆ ಅಂಟಿಸುವ ಸ್ಪಂಜು ತರಿಸಿದೆ. ನಮ್ಮ ಬ್ಯಾಸಗಿ ಬಿಸಿಲಿಗೆ ಅಂಟು ಕರಗಿ, ಹಾಡುವವರ ತಲೆಯ ಮೇಲೆ ಅದು ಒಂದೊಂದಾಗಿ ಬೀಳತೊಡಗಿತು. ಕಡೆಗೆ ದಪ್ಪ ಕೌದಿಯೇ ಸರಿ ಎಂದುಕೊಂಡು, ಹುಕ್ಕೇರಿಯಲ್ಲಿ ಕೌದಿ ಹೊಲಿಯುವ ಒಬ್ಬ ಅಜ್ಜಿಯ ಹತ್ತಿರ ಹೋದೆ.

“ಎಷ್ಟ ಮಂದಿ ಹೊಚ್ಕೊಳ್ಳಾವ್ರವಾ?” ಎಂದಳು.

“ಮಂದಿಗಲ್ಲಬೇ, ಗ್ವಾಡಿಗೆ.”

ಸೂಜಿ ನಿಂತಿತು. “ಗ್ವಾಡಿಗೆ ಥಂಡಿ ಹತ್ತೇತೇನ?”

ನಾನು ಬಿಡಿಸಿ ಹೇಳಿದೆ: ದನಿ ಗೋಡೆಗೆ ಬಡಿದು ತಿರುಗಿ ಬರುತ್ತದೆ, ಕೌದಿ ಇದ್ದರೆ ಅದು ಅಲ್ಲೇ ಅಡಗುತ್ತದೆ. ಅಜ್ಜಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಆಮೇಲೆ ಕಟ್ಟೆಯ ಮೇಲೆ ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುತ್ತಿದ್ದ ಅಜ್ಜನ ಕಡೆ ತಿರುಗಿ ನಿಟ್ಟುಸಿರು ಬಿಟ್ಟಳು.

“ಅಯ್ಯ ನಮ್ಮವ್ವಾ, ಇಷ್ಟ ವರ್ಷ ನಾ ಇಂವನ ಕಾಲಿಗೆ ಹೊಚ್ಚಕೋತ ಬಂದೇನಲ್ಲ!”

ಸೂಕ್ಷ್ಮ ಮೈಕು

ಮೈಕಿನಲ್ಲಿ ಎರಡು ನಮೂನೆ. ಒಂದು, ಬಾಯಿ ಹತ್ತಿರ ಒಯ್ದರೆ ಮಾತ್ರ ಕೇಳಿಸಿಕೊಳ್ಳುವಂಥದು. ಇನ್ನೊಂದು ಸೂಕ್ಷ್ಮ, ಉಸಿರನ್ನೂ ಹಿಡಿಯದೆ ಬಿಡುವುದಿಲ್ಲ. ನಾನು ಸೂಕ್ಷ್ಮದ್ದನ್ನೇ ಆರಿಸಿದೆ.

ಮೂಡಲಗಿಯಿಂದ ಒಬ್ಬ ಹೆಣ್ಣುಮಗಳು ಸೋಬಾನ ಪದ ಹಾಡಲು ಬಂದಳು. ಎಷ್ಟು ಚೆಂದ ಹಾಡಿದಳೆಂದರೆ ನನಗೆ ಕಣ್ಣು ತುಂಬಿ ಬಂತು. ತಿರುಗಿಸಿ ಕೇಳಿದರೆ, ಮದುಮಗಳನ್ನು ಹಸೆಗೆ ಕರೆಯುವ ಸಾಲಿನ ನಡುವೆ ಬಾಜೂ ಮನೆಯ ಕುಕ್ಕರು ಸೀಟಿ ಹೊಡೆಯಿತು. ಹಿಂದೆಯೇ ಆ ಮನೆಯ ಯಜಮಾನರ ದನಿ: “ಇವತ್ತೂ ಬದನಿಕಾಯೇನ?”

ಅಷ್ಟರಲ್ಲಿ ಸಕ್ಕರೆ ಕೇಳಲು ಬಂದ ಆ ಮನೆಯ ಯಜಮಾನಿ ಕಾಕು ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ನಮ್ಮ ಮನೆಯ ಮಾತು ಕದ್ದು ಕೇಳುತ್ತೀ ಎಂದು ಜಗಳ ತೆಗೆಯುತ್ತಾರೆಂದು ನಾನು ಗಡಬಡಿಸಿ ಅದನ್ನು ನಿಲ್ಲಿಸಿದೆ. ಅವರು ಬಾಗಿಲು ಮುಂದೆ ಮಾಡಿ, ನನ್ನ ಹತ್ತಿರ ಬಂದು ಕೂತರು.

“ತಂಗೀ, ಇದನ್ನ ಸ್ವಲ್ಪ ಆ ಕಡಿ ತಿರಗಸ. ಆಚಿ ಮನ್ಯಾಕಿ ನನ್ನ ಬಗ್ಗೆ ಏನ ಮಾತಾಡ್ತಾಳ ಕೇಳೂಣು.”

ಜಗಳಕ್ಕೊಂದು ಟ್ರ್ಯಾಕ್

ನಾಗನೂರಿನಲ್ಲಿ ಇಬ್ಬರು ಹಿರಿಯರಿದ್ದಾರೆ. ಒಬ್ಬರು ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿ ಹಾಡುವವರು, ಇನ್ನೊಬ್ಬರು ತಬಲಾದವರು. ಸಣ್ಣಂದಿನ ಗೆಳೆಯರು. ಒಂದು ಭಜನೆಯಲ್ಲಿ ಲಯ ಕೆಟ್ಟಿತು. ನೀ ಓಡಿದಿ, ನೀ ಜಗ್ಗಿದಿ ಎಂದು ಶುರುವಾಗಿ ಮಾತು ನಿಂತುಹೋಯಿತು. ಅವರ ಮಾತಿನ ಜೊತೆ ಊರ ಭಜನೆಯೂ ನಿಂತಿತು. ಮಂಡಳಿಯವರು ಬಂದು ಕೈಮುಗಿದರು, “ಅವರ ಪದ ಒಂದರ ಉಳೀಲ್ರಿ ಅಕ್ಕಾರ. ಆದರ ಇಬ್ಬರೂ ಒಂದ ಕ್ವಾಣ್ಯಾಗ ಕುಂಡ್ರಾಂಗಿಲ್ಲ.”

“ಕುಂಡ್ರೋದ ಬ್ಯಾಡ್ರಿ. ಈ ಪೆಟ್ಟಿಗಿ ಇರೋದ ಅದಕ್ಕ,” ಎಂದೆ.

ಒಂದು ರವಿವಾರ ಪೇಟಿ ಕಾಕಾ ಬಂದು ನುಡಿಸಿ, ಹಾಡಿ ಹೋದರು. ಮುಂದಿನ ರವಿವಾರ ತಬಲಾ ಕಾಕಾ ಬಂದರು. ಕಿವಿಗೆ ಹೆಡ್‌ಫೋನ್ ಹಾಕಿ, ಆ ಹಾಡು ಕೇಳಿಸುತ್ತ ಬಾರಿಸಲು ಹೇಳಿದೆ. ಎರಡು ಸಾಲು ಆಗುವಷ್ಟರಲ್ಲಿ ಅವರು ಕೂಗಿದರು, “ಏ, ಓಡಬ್ಯಾಡೋ!”

“ಕಾಕಾ, ಅವ್ರಿಲ್ಲಿ ಇಲ್ರಿ. ಹೋದ ವಾರನ ಹಾಡಿ ಹೋಗ್ಯಾರ.”

“ಗೊತ್ತೈತಿ. ಎದುರಿಗಿದ್ದಾಗ ಕೇಳಿಲ್ಲ, ಈಗೇನ ಕೇಳ್ತಾನ.”

ಮತ್ತೆ ಶುರುವಾಯಿತು. ಹಾಡಿನ ನಡುವೆ ದನಿ ನಿಲ್ಲುವ ಒಂದು ಜಾಗದಲ್ಲಿ ಪೇಟಿ ಕಾಕಾ ತಮ್ಮಷ್ಟಕ್ಕೆ ಗೊಣಗಿದ್ದರು. ಅದನ್ನು ಒರೆಸುವುದು ನನಗೆ ಮರೆತಿತ್ತು. “ಇಲ್ಲೇ ನೋಡ್ರಿ, ಇಲ್ಲೇ ತಪ್ಪತಾನ ಅಂವ.”

ತಬಲಾ ಕಾಕಾನ ಕೈ ಸರಿಯಾಗಿ ಅಲ್ಲೇ ತಪ್ಪಿತು.

ಅವರು ಹೆಡ್‌ಫೋನ್ ತೆಗೆದು ಕೆಳಗಿಟ್ಟರು. ಮುಗಿಯಿತು, ಇನ್ನು ಇವರು ಎದ್ದು ಹೋಗುತ್ತಾರೆ ಎಂದುಕೊಂಡೆ.

“ಅಕ್ಕಾರ, ಇದರಾಗ ಇನ್ನೂ ಟ್ರ್ಯಾಕ್ ಖಾಲಿ ಅದಾವೇನ್ರಿ?”

“ಅದಾವ್ರಿ.”

“ಹಂಗಾರ ನನ್ನ ಬೈಗಳಕ್ಕೊಂದ ಕೊಡ್ರಿ.”

ಕೊಟ್ಟೆ. “ಏ ಪೇಟಿ, ತಪ್ಪಿಸಿದಂವ ನೀನು! ಮೊದಲ ನಿನ್ನ ಪೇಟಿ ತೂತ ಮುಚ್ಚಸು!” ಎಂದು ಮೈಕಿಗೆ ಹೇಳಿ, ಹಗುರಾಗಿ ಕೂತು, ತಬಲಾವನ್ನು ಎಂಥಾ ಚೆಂದ ಬಾರಿಸಿದರೆಂದರೆ ಮುಗಿದ ಮೇಲೆ ನಿಲ್ಲಿಸುವ ಗುಂಡಿ ಒತ್ತುವುದನ್ನೇ ನಾನು ಮರೆತೆ.

ಮುಂದಿನ ವಾರ ಪೇಟಿ ಕಾಕಾ ಕೇಳಲು ಬಂದರು. ಬೈಗಳ ಕೇಳಿ ಮೀಸೆ ಕುಣಿಯಿತು. “ನನಗೂ ಒಂದ ಕೊಡ್ರಿ.” ಹೀಗೆ ರವಿವಾರಕ್ಕೊಬ್ಬರು ಬಂದು ಉತ್ತರ ಕೊಟ್ಟು ಹೋಗತೊಡಗಿದರು. ಬರಬರುತ್ತ ಮಾತಿನ ಧಾಟಿ ತಿರುಗಿತು. “ನಿನ್ನ ಮೊಣಕಾಲ ಈಗ ಹೆಂಗೈತೋ?” ಎಂದು ಒಬ್ಬರು. “ಎಣ್ಣಿ ಹಚ್ಚಾಕತ್ತೇನಿ, ನಿನಗ್ಯಾಕ ಬೇಕು?” ಎಂದು ಇನ್ನೊಬ್ಬರು.

ಆಗ ನಾನು ಇಬ್ಬರಿಗೂ ಫೋನ್ ಮಾಡಿ ಒಂದು ಸುಳ್ಳು ಹೇಳಿದೆ. ಕಂಪ್ಯೂಟರಿನಲ್ಲಿ ಜಾಗ ಬೇಕಾದಷ್ಟಿತ್ತು. “ಟ್ರ್ಯಾಕ್ ತುಂಬ್ಯಾವ್ರಿ. ಉಳದದ್ದು ಇಬ್ಬರೂ ಎದುರಾಬದುರ ಕುಂತ ಮಾತಾಡ್ಕೋರಿ,” ಎಂದೆ.

ಮುಂದಿನ ರವಿವಾರ ಇಬ್ಬರೂ ಒಂದೇ ಮೋಟಾರ್‌ಸೈಕಲ್ಲಿನ ಮೇಲೆ ಬಂದಿಳಿದರು. ನಾನು ಬೈಗಳವನ್ನೆಲ್ಲ ತೆಗೆದು, ಪೇಟಿ, ತಬಲಾ, ಹಾಡು ಕೂಡಿಸಿ ಹದಮಾಡಿ ಇಟ್ಟಿದ್ದೆ. ಇಬ್ಬರೂ ಪಕ್ಕಪಕ್ಕ ಕೂತು, ತಲೆ ಬಾಗಿಸಿ ಕೇಳಿದರು. ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಪದ ಭಾಳ ಚಲೋ ಆಗೇತ್ರಿ ಅಕ್ಕಾರ,” ಎಂದರು ತಬಲಾ ಕಾಕಾ. “ನಮ್ಮ ಜಗಳ ಎಲ್ಲಿ ಹೋತು?”

“ತಗದೇನ್ರಿ. ಮಂದಿಗೆ ಕೇಳಸೋದಲ್ಲ, ಚಂದ ಕಾಣಸಂಗಿಲ್ಲಂತ...”

ಇಬ್ಬರ ಮುಖವೂ ಒಟ್ಟಿಗೇ ಸಪ್ಪಗಾಯಿತು. ಪೇಟಿ ಕಾಕಾ ಅಂಗಿಯ ಕಿಸೆಯಿಂದ ಪೆನ್‌ಡ್ರೈವ್ ತೆಗೆದು ನನ್ನ ಕೈಯಲ್ಲಿಟ್ಟರು.

“ಪದಾ ಇನ್ನ ದಿನಾ ಹಾಡವರ ಅದೇವ್ರಿ. ಅದನ್ನ ತಗೀರಿ. ಬರೇ ಜಗಳ ಅಷ್ಟ ಇದರಾಗ ಹಾಕಿ ಕೊಡ್ರಿ.”