ಅತ್ತೆ ಕಲಿಸಿದ ಜಗಳ

ಮದುವೆಗೆ, ನಾಮಕರಣಕ್ಕೆ ಸೀರೆ ಬದಲಾಯಿಸಿಕೊಂಡು ಹೊರಡುವ ಹೆಂಗಸರನ್ನು ನೀವೆಲ್ಲ ನೋಡಿರುತ್ತೀರಿ. ಜಗಳಕ್ಕೆಂದು ಸೀರೆ ಬದಲಾಯಿಸಿಕೊಂಡು ಹೊರಡುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನು ಬಂತು, ಅಂಥವಳ ಕೈಯಲ್ಲೇ ಉಂಡು ಬೆಳೆದಿದ್ದೇನೆ! ಅವಳು ನನ್ನ ಸೋದರತ್ತೆ, ಅಪ್ಪನ ಸ್ವಂತ ಅಕ್ಕ.

ಕರಿ ಅಂಚಿನ ಹಸಿರು ಸೀರೆಯೊಂದು ಅವಳ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ, ಕೈಗೆ ಸಿಗುವಂತೆ ಇರುತ್ತಿತ್ತು. ಮನೆಯಲ್ಲಿ ಅದಕ್ಕೆ ಜಗಳದ ಸೀರೆ ಎಂದೇ ಹೆಸರು. ಟ್ರಂಕಿನ ಚಿಲಕ ಸದ್ದಾಯಿತೆಂದರೆ ಮಾವ ಓದುತ್ತಿದ್ದ ಪೇಪರನ್ನು ಮಡಚಿಟ್ಟು, "ಇವತ್ತು ಯಾರ ಮನೆಗೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತೋಟದ ಕಡೆ ನಡೆದುಬಿಡುತ್ತಿದ್ದ. ಅತ್ತೆ ನಿಧಾನವಾಗಿ ಮುಖ ತೊಳೆದು, ತಲೆ ಬಾಚಿ, ಕುಂಕುಮ ಇಟ್ಟುಕೊಂಡು, ಹೊಟ್ಟೆ ತುಂಬ ಮುದ್ದೆ ಉಂಡು ಹೊರಡುತ್ತಿದ್ದಳು.

"ಹಸ್ಕೊಂಡು ಜಗಳಕ್ಕೆ ಹೋಗಬಾರ್ದು ಕಣೇ. ಹೊಟ್ಟೆ ಖಾಲಿ ಇದ್ರೆ ಬಾಯಲ್ಲಿ ಕೆಟ್ಟ ಮಾತು ಬತ್ತವೆ" ಎನ್ನುತ್ತಿದ್ದಳು.

ಹೌದು, ಕೆಟ್ಟ ಮಾತೆಂದರೆ ಅವಳಿಗಾಗುತ್ತಿರಲಿಲ್ಲ. ಅವಳ ಜಗಳದಲ್ಲಿ ಬೈಗುಳವಿಲ್ಲ, ಯಾರ ಅಪ್ಪ ಅಮ್ಮನ ಸುದ್ದಿಯೂ ಇಲ್ಲ. ಒಂದು ಜಗಳಕ್ಕೆ ಒಂದೇ ವಿಷಯ. ಬದುವಿನ ಜಗಳವೆಂದರೆ ಬದುವಿನದ್ದು; ಹೋದ ವರ್ಷ ಎಮ್ಮೆ ನುಗ್ಗಿದ್ದನ್ನು ಎದುರಿನವರು ಎತ್ತಿದರೆ, "ಅದು ಬೇರೆ ಜಗಳ, ಅದನ್ನ ಆಮೇಲೆ ಆಡಾಣ. ಈಗ ಬದುವಿನ ಮಾತಾಡು" ಎಂದು ಮತ್ತೆ ಬದುವಿಗೇ ತಂದು ನಿಲ್ಲಿಸುತ್ತಿದ್ದಳು. ಎಲ್ಲ ಮುಗಿದ ಮೇಲೆ ಅದೇ ಮನೆಯ ಜಗಲಿಯಲ್ಲಿ ಕೂತು ಮಜ್ಜಿಗೆ ಕೇಳಿ ಕುಡಿದು, ಅವರ ಸೊಸೆಗೆ ಎಷ್ಟು ತಿಂಗಳೆಂದು ವಿಚಾರಿಸಿಕೊಂಡು ಮನೆಗೆ ಬರುತ್ತಿದ್ದಳು. ತಿಪಟೂರಿನ ಕೊಬ್ಬರಿ ಮಂಡಿಗೆ ಮಾವ ಒಬ್ಬನೇ ಹೋದರೆ ಅಲ್ಲಿಯವರು ಕಾಫಿ ತರಿಸುತ್ತಿದ್ದರು. ಜೊತೆಗೆ ಅತ್ತೆಯೂ ಇದ್ದರೆ ಬಾಯಿಗೆ ಕೆಲಸವಿರಲಿ ಎಂದು ಮೊದಲು ಬೋಂಡ ತರಿಸುತ್ತಿದ್ದರಂತೆ. ಅತ್ತೆ ಬೋಂಡವನ್ನೂ ತಿಂದು ಜಗಳವನ್ನೂ ಆಡಿ ಬರುತ್ತಿದ್ದಳು.

ಬಸ್ಸಿನ ಕಥೆಯನ್ನಂತೂ ಹೇಳಲೇಬೇಕು. ಅತ್ತೆಯ ಮನೆ ದಬ್ಬೇಘಟ್ಟದ ಆಚೆ, ರಸ್ತೆಗೆ ತಾಗಿಕೊಂಡ ತೆಂಗಿನ ತೋಟದಲ್ಲಿತ್ತು. ತೋಟದ ಬಾಗಿಲಲ್ಲಿ ಕೈ ಅಡ್ಡ ಹಿಡಿದರೆ ಡ್ರೈವರ್ ನಿಲ್ಲಿಸುತ್ತಿರಲಿಲ್ಲ. ಮುಂದೆ ಸೇತುವೆ ದಾಟಿ ನಿಲ್ಲಿಸಿ, ನಾವು ಓಡಿ ಬರುವುದನ್ನು ಕನ್ನಡಿಯಲ್ಲಿ ನೋಡುತ್ತಿದ್ದ. ಒಂದು ದಿನ ಅತ್ತೆ ಹಸಿರು ಸೀರೆ ಉಟ್ಟು ರಸ್ತೆಯ ನಡುವೆ ನಿಂತಳು. ಬಸ್ಸು ನಿಂತಿತು. ಒಳಗಿದ್ದ ಜನರೆಲ್ಲ ಇಳಿದು, ಜಗಳ ಕೇಳಿ, ಮತ್ತೆ ಹತ್ತಿದರು. ಅಂದಿನಿಂದ ಬಸ್ಸು ನಮ್ಮ ತೋಟದ ಬಾಗಿಲಿಗೇ ನಿಲ್ಲತೊಡಗಿತು. ಯಾರೂ ಇಲ್ಲದಿದ್ದರೂ ನಿಲ್ಲುತ್ತಿತ್ತು. ನಿಂತು, ಒಳಗಿನಿಂದ ಯಾರಾದರೂ ಬರುತ್ತಾರೇನೋ ಎಂದು ಹಾರನ್ ಬಾರಿಸುತ್ತಿತ್ತು. ಆಮೇಲೇನಾಯಿತು ಅಂತೀರಾ? ಹಾರನ್ನಿಗೆ ಹಸು ಬೆದರಿ ಹಾಲು ಕೊಡುವುದಿಲ್ಲವೆಂದು ಅತ್ತೆ ಮತ್ತೊಮ್ಮೆ ಟ್ರಂಕು ತೆಗೆದಳು!

ಇಂಥವಳ ಮನೆಗೆ ನಾನು ಬಂದು ಸೇರಿದ್ದು ಹೈಸ್ಕೂಲಿಗೆಂದು. ಹಂದನಕೆರೆ ಕಡೆಯ ನಮ್ಮೂರಿನಲ್ಲಿ ಏಳನೇ ಕ್ಲಾಸಿಗೇ ಸ್ಕೂಲು ಮುಗಿದುಹೋಗುತ್ತಿತ್ತು. "ನಿಮ್ಮತ್ತೆ ಹತ್ರ ನಾಲ್ಕು ಕೆಲ್ಸ ಕಲಿ" ಎಂದು ಅಮ್ಮ ಹೇಳಿ ಕಳಿಸಿದ್ದಳು. ಏನು ಕಲಿಯುವುದು? ಅತ್ತೆ ಹಪ್ಪಳ ಸುಟ್ಟರೆ ಇದ್ದಿಲಾಗುತ್ತಿತ್ತು. ಅವಳು ಹಾಕಿದ ರಂಗೋಲಿಯನ್ನು ಕೋಳಿ ಕೆದಕಿದ್ದೆಂದು ಮಾವ ಒಮ್ಮೆ ನೀರು ಹಾಕಿ ತೊಳೆದಿದ್ದ. ಅವಳಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ, ಅದು ನನಗೆ ಬೇಡವಾದದ್ದು. ಏಕೆಂದರೆ ನಾನೋ, ಬಾಯಿ ಇದೆಯೋ ಇಲ್ಲವೋ ಎಂದು ತಡವಿ ನೋಡಬೇಕಾದ ಹುಡುಗಿ.

ನನ್ನ ದನಿಯ ಪ್ರತಾಪ ಎಷ್ಟಿತ್ತೆಂದರೆ, ಹೊಸ ಸ್ಕೂಲಿನಲ್ಲಿ ಮೇಷ್ಟ್ರು ಹೆಸರು ಕೂಗಿದಾಗ ನಾನು ಹೇಳಿದ "ಎಸ್ ಸಾರ್" ನನ್ನ ಮುಂದಿನ ಬೆಂಚನ್ನೂ ದಾಟುತ್ತಿರಲಿಲ್ಲ. ಮೇಷ್ಟ್ರು ತಲೆ ಎತ್ತದೆ ಗೈರುಹಾಜರಿ ಹಾಕುತ್ತಿದ್ದರು. ನಾನು ಅವರ ಎದುರಿಗೇ ಕೂತು ದಿನವೂ ಗೈರುಹಾಜರಾಗುತ್ತಿದ್ದೆ! ಕೊನೆಗೆ ಸಂತೆಯಲ್ಲಿ ಮಾವ ಸಿಕ್ಕಿದಾಗ ಮೇಷ್ಟ್ರು, "ಏನ್ರೀ, ನಿಮ್ಮ ಹುಡುಗಿಗೆ ಹುಷಾರಿಲ್ವೇ? ಸ್ಕೂಲಿಗೆ ಬರ್ತಾನೇ ಇಲ್ವಲ್ರೀ" ಎಂದರಂತೆ.

ಮಾವ ಬಂದು ಹೇಳಿದ್ದೇ ತಡ, ಟ್ರಂಕಿನ ಚಿಲಕ ಸದ್ದಾಯಿತು. ಹಸಿರು ಸೀರೆಯಲ್ಲಿ ಅತ್ತೆ ಮುಂದೆ, ಅಳುತ್ತಾ ನಾನು ಹಿಂದೆ. ಇನ್ನೇನು ಸ್ಕೂಲಿನ ಗೇಟು ಕಾಣಿಸಬೇಕು, ಅತ್ತೆ ಗಕ್ಕನೆ ನಿಂತಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಾನು ಹೋಗಿ ಜಗಳ ಆಡಿದ್ರೆ ಅವ್ರು ನಿನ್ನ ಹಾಜ್ರಿ ಹಾಕಲ್ಲ ಕಣೇ, ನನ್ನ ಹಾಜ್ರಿ ಹಾಕ್ತಾರೆ. ನಡಿ ಮನೆಗೆ."

ಅವಳು ಜಗಳಕ್ಕೆ ಹೊರಟು ಆಡದೆ ವಾಪಸ್ಸು ಬಂದದ್ದನ್ನು ಕಂಡು ಮಾವ ಗಾಬರಿಯಾಗಿ ಹಣೆ ಮುಟ್ಟಿ ನೋಡಿದ.

ಮರುದಿನದಿಂದ ಪಾಠ ಶುರು. ಯಾವ ಪಾಠವೆಂದು ನನಗೆ ಹೇಳಿರಲಿಲ್ಲ. ರಾತ್ರಿ ಊಟಕ್ಕೆ ಕೂತರೆ ಸಾರಿಗೆ ಉಪ್ಪಿಲ್ಲ. ಮರೆತಿರಬೇಕೆಂದು ಸುಮ್ಮನೆ ಉಂಡೆ. ಮಾರನೆಯ ದಿನವೂ ಉಪ್ಪಿಲ್ಲ. ಅತ್ತೆ ಎದುರಿಗೇ ಕೂತು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿ ಮುದ್ದೆ ನುಂಗಿದೆ. ಹೀಗೇ ನಡೆಯಿತು. ಕಡೆಗೊಂದು ದಿನ ತಡೆಯಲಾರದೆ, "ಅತ್ತೆ, ಉಪ್ಪಿಲ್ಲ" ಎಂದೆ.

"ಏನಂದೆ?"

"ಸಾರಿಗೆ ಉಪ್ಪಿಲ್ಲ."

"ಕೇಳಿಸ್ಲಿಲ್ಲ ಕಣೇ, ಒಲೆ ಸದ್ದು."

"ಸಾರಿಗೆ ಉಪ್ಪಿಲ್ಲ ಅತ್ತೇ!"

ಪಕ್ಕದಲ್ಲಿ ಕೂತಿದ್ದ ಮಾವ ಧಿಗ್ಗನೆ ತಲೆ ಎತ್ತಿ, "ನಂಗೂ ಇಲ್ಲ!" ಎಂದು ಕೂಗಿಬಿಟ್ಟ. ಮದುವೆಯಾದ ಮೇಲೆ ಅವನು ಆ ಮನೆಯಲ್ಲಿ ದನಿ ಎತ್ತಿದ್ದು ಅದೇ ಮೊದಲಂತೆ. ಪಾಪ, ನನ್ನ ಪಾಠಕ್ಕೆ ಅವನೂ ಅಷ್ಟು ದಿನ ಸಪ್ಪೆ ಸಾರು ಉಂಡಿದ್ದ. ಅತ್ತೆ ನಗುತ್ತಾ ಇಬ್ಬರ ತಟ್ಟೆಗೂ ಉಪ್ಪು ಹಾಕಿದಳು.

ಆಮೇಲಿನದು ತೋಟದ ಪಾಠ. ಕಾಯಿ ಕೀಳುವ ಬೋರಣ್ಣ ಮರದ ನೆತ್ತಿಯಲ್ಲಿದ್ದರೆ ಗಾಳಿಗೆ ಗರಿ ಬಡಿಯುವ ಸದ್ದಿನಲ್ಲಿ ಕೆಳಗಿನ ಮಾತು ಅವನಿಗೆ ಕೇಳುವುದಿಲ್ಲ. ಮರದಡಿ ಹಾಯಬೇಕಾದವರು ಗಟ್ಟಿಯಾಗಿ ಕೂಗಿ, ಅವನು ಕಾಯಿ ಕೆಡವುವುದನ್ನು ನಿಲ್ಲಿಸಿದ ಮೇಲೆ ದಾಟಬೇಕು. ಅತ್ತೆ ಬೇಕೆಂದೇ ನನ್ನ ಕೈಯಲ್ಲಿ ಅವನಿಗೆ ಮಜ್ಜಿಗೆ ಕಳಿಸುತ್ತಿದ್ದಳು. ಮೊದಲ ಸಲ ನಾನು ದೂರದಲ್ಲಿ ಚೊಂಬು ಹಿಡಿದು, "ಬೋರಣ್ಣ, ಬೋರಣ್ಣ" ಎಂದು ನನಗೇ ಕೇಳದಂತೆ ಕರೆಯುತ್ತಾ ನಿಂತೆ. ಅವನು ಆ ಮರ ಇಳಿದು ಈ ಮರ ಹತ್ತಿ, ಆಮೇಲೆ ಯಾವಾಗಲೋ ನನ್ನನ್ನು ಕಂಡು, "ಈಗ ಬಂದ್ಯಾ ತಾಯಿ?" ಎಂದ. ಅಷ್ಟರಲ್ಲಿ ಮಜ್ಜಿಗೆ ಹುಳಿಯಾಗಿತ್ತು.

"ಗಂಟಲಿಂದ ಅಲ್ಲ ಕಣೇ, ಹೊಟ್ಟೆಯಿಂದ ಕೂಗು. ನಿಂಗೆ ಬೇಕಾಗಿರೋದನ್ನ ಕೇಳಕ್ಕೆ ನಾಚ್ಕೆ ಯಾಕೆ? ಮರದ ತುದಿಗೆ ಮುಟ್ಟಿದ್ರೆ ಮನುಷ್ಯರ ಕಿವಿಗೂ ಮುಟ್ತದೆ" ಎಂದು ಅತ್ತೆ ಪಕ್ಕದಲ್ಲಿ ನಿಂತು ಕೂಗಿಸಿದಳು. ಎಷ್ಟೋ ಕಾಯಿ ಕೊಯ್ಲು ಕಳೆದ ಮೇಲೆ ಒಂದು ದಿನ ಆಕಾಶದಿಂದ, "ಏನಮ್ಮಾ?" ಎಂದು ಬೋರಣ್ಣನ ದನಿ ಬಂತು. ನಾನು ಎಷ್ಟು ಹಿಗ್ಗಿದೆನೆಂದರೆ ಏನು ಹೇಳಬೇಕೆಂಬುದೇ ಮರೆತು ಚೊಂಬು ಹಿಡಿದು ಕುಣಿದೆ. ಅದೇ ವಾರ ಕ್ಲಾಸಿನಲ್ಲಿ ನನ್ನ "ಎಸ್ ಸಾರ್" ಕೇಳಿ ಮೇಷ್ಟ್ರ ಪೆನ್ನು ಕೈಜಾರಿ ಬಿತ್ತು.

"ಇಷ್ಟು ದಿನ ಎಲ್ಲಿದ್ಯಮ್ಮ?"

"ಇಲ್ಲೇ ಇದ್ದೆ ಸಾರ್."

ಎಸ್ಸೆಸ್ಸೆಲ್ಸಿ ಪಾಸಾದೆ. ನನಗೆ ತಿಪಟೂರಿನಲ್ಲಿ ಕಾಲೇಜಿಗೆ ಸೇರಬೇಕೆಂಬ ಆಸೆ. ಆದರೆ ಅಪ್ಪ ಊರಲ್ಲಿ ಒಂದು ಗಂಡು ನೋಡಿದ್ದ. ಇನ್ನೂ ಮಾತು ಕೊಟ್ಟಿರಲಿಲ್ಲ, ಕೊಡುವುದರಲ್ಲಿದ್ದ. ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ, ಬಟ್ಟೆಬರೆ ಕಟ್ಟಿಕೊಂಡಿರಲಿ ಎಂದು ಹೇಳಿ ಕಳಿಸಿದ. ನಾನು ಅಳಲಿಲ್ಲ. ಅಳುವುದೇಕೆ? ತಾಲ್ಲೂಕಿಗೇ ಹೆಸರಾದ ಜಗಳಗಾತಿ ನಮ್ಮ ಮನೆಯಲ್ಲೇ ಇದ್ದಾಳಲ್ಲ! ಅಪ್ಪನಿಗಂತೂ ಚಿಕ್ಕಂದಿನಿಂದ ಅಕ್ಕನೆಂದರೆ ನಡುಕ. ಭಾನುವಾರ ಬೆಳಿಗ್ಗೆ ನಾನೇ ಟ್ರಂಕು ತೆಗೆದು ಹಸಿರು ಸೀರೆಯನ್ನು ಅವಳ ಮುಂದೆ ಹಿಡಿದೆ.

ಅತ್ತೆ ಸೀರೆಯನ್ನು ತೆಗೆದುಕೊಂಡು, ಮಡಿಕೆ ಸರಿಮಾಡಿ, ಮತ್ತೆ ಟ್ರಂಕಿನಲ್ಲೇ ಇಟ್ಟಳು.

"ನಾನು ಆಡಲ್ಲ. ನೀನು ಆಡು."

"ನನ್ನ ಕೈಲಿ ಆಗಲ್ಲ ಅತ್ತೆ. ಅಪ್ಪನ ಮುಂದೆ ಬಾಯೇ ಬರಲ್ಲ. ನೀನೊಂದು ಮಾತು ಹೇಳಿದ್ರೆ ಸಾಕು."

"ನಾನು ಗೆದ್ದುಕೊಟ್ರೆ, ಮುಂದಿನ ಸಲ ಮತ್ತೆ ನಾನೇ ಬರಬೇಕಾಯ್ತದೆ" ಎಂದಳು. ಸ್ವಲ್ಪ ಹೊತ್ತು ಟ್ರಂಕಿನ ಮೇಲೇ ಕೈಯಿಟ್ಟುಕೊಂಡು ಕೂತಿದ್ದಳು. "ನನ್ನ ಮದುವೆ ಮಾತು ಬಂದಾಗ ನಾನೂ ನಿನ್ನಂಗೇ ಇದ್ದೆ. ನಂಗೂ ಓದಬೇಕು ಅಂತ ಇತ್ತು. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನಿಮ್ಮಾವ ಒಳ್ಳೇವ್ನು, ಅದು ಬೇರೆ ಮಾತು. ನಂಗೆ ಬಾಯಿ ಬಂದಿದ್ದು ಆಮೇಲೆ ಕಣೇ. ಹೋಗು, ಮುದ್ದೆ ಉಣ್ಣು. ಹಸ್ಕೊಂಡು ಹೋಗಬೇಡ."

ನಾನು ಉಂಡೆ. ತೋಟದ ಬಾಗಿಲಲ್ಲಿ ಬಸ್ಸು ನಿಂತ ಸದ್ದಾಯಿತು. ಅಪ್ಪ ಬಂದು ಜಗಲಿಯ ಮೇಲೆ ಕೂತ. ಅತ್ತೆ ಅವನಿಗೆ ನೀರು ಕೊಟ್ಟು ಒಳಗೆ ಹೋದವಳು, ಮತ್ತೆ ಬಂದು ಕಂಬಕ್ಕೆ ಒರಗಿ ಕೂತಳು. ದಿನದ ಹಳೇ ಸೀರೆಯನ್ನೇ ಉಟ್ಟಿದ್ದಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು.

"ಹೊರಡಮ್ಮ, ಹನ್ನೊಂದರ ಬಸ್ಸಿಗೆ ಹೋಗಾಣ" ಎಂದ ಅಪ್ಪ.

"ಅಪ್ಪ, ನಾನು ಕಾಲೇಜಿಗೆ ಹೋಗ್ತೀನಿ" ಎಂದೆ.

ಅಪ್ಪನಿಗೆ ಕೇಳಿಸಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವಳು ತೋಟದ ಕಡೆ ನೋಡುತ್ತಿದ್ದಳು. ಹೊಟ್ಟೆಯಿಂದ ಉಸಿರೆಳೆದು ಇನ್ನೊಮ್ಮೆ ಹೇಳಿದೆ. ಈ ಸಲ ಅಪ್ಪ ನನ್ನನ್ನು ನೋಡಲಿಲ್ಲ, ನೇರವಾಗಿ ಅಕ್ಕನ ಕಡೆಗೇ ತಿರುಗಿದ.

"ಇದೆಲ್ಲ ನೀನು ಹೇಳ್ಕೊಟ್ಟಿದ್ದಾ ಅಕ್ಕ?"

ಅತ್ತೆ ಮಾತಾಡಲಿಲ್ಲ. ಅಪ್ಪ ಕಾದ. ಅವಳು ಒಂದೇ ಒಂದು ಮಾತೂ ಆಡಲಿಲ್ಲ. ಅಪ್ಪನ ಮುಖದಲ್ಲಿ ನಿಜವಾದ ಹೆದರಿಕೆ ಕಂಡದ್ದು ಆಗಲೇ. "ಅಕ್ಕ, ಹುಷಾರಾಗಿದೀಯಾ ತಾನೇ?" ಎಂದು ಕೇಳಿದ. ಅವಳು ಹೌದೆಂಬಂತೆ ತಲೆಯಾಡಿಸಿದಳು. ಅವನು ಬೇರೆ ದಾರಿಯಿಲ್ಲದೆ ನನ್ನ ಕಡೆ ತಿರುಗಬೇಕಾಯಿತು.

"ದಿನಾ ತಿಪಟೂರಿಗೆ ಹೆಂಗೆ ಹೋಗ್ತೀಯಾ?"

"ಬಸ್ಸು ತೋಟದ ಬಾಗಿಲಿಗೇ ನಿಲ್ತದೆ. ನೀನೂ ಅದ್ರಲ್ಲೇ ಬಂದೆ."

"ಮನೇಲಿ ನಿಮ್ಮಮ್ಮನಿಗೆ ಸೊಂಟನೋವು, ಹಸು ಕರೆಯೋರಿಲ್ಲ. ಆ ಗಂಡಿನ ಕಡೆಯೋರಿಗೆ ನಾನೇನು ಹೇಳ್ಲಿ?"

"ಅದು ಬೇರೆ ಜಗಳ ಅಪ್ಪ, ಅದನ್ನ ಆಮೇಲೆ ಆಡಾಣ. ಈಗ ಕಾಲೇಜಿನ ಮಾತಾಡು."

ಇದು ನನ್ನ ಬಾಯಿಂದಲೇ ಬಂತೇ ಎಂದು ನನಗೇ ಆಶ್ಚರ್ಯವಾಯಿತು. ಅಪ್ಪ ಬಾಯಿ ತೆರೆದುಕೊಂಡು ಕೂತ. ಅಲ್ಲಿಗೆ ನನ್ನ ಹೆದರಿಕೆಯ ಕಟ್ಟೆ ಒಡೆಯಿತು. "ನಾನು ಓದಬೇಕು ಅಪ್ಪ! ಮದುವೆ ಬೇಡ ಅಂತಿಲ್ಲ, ಈಗ ಬೇಡ ಅಂತೀನಿ! ನಂಗೆ ಓದೋ ಆಸೆ ಇದೆ, ನನ್ನನ್ನ ಒಂದು ಮಾತು ಕೇಳು!" ಎಂದು ಕೂಗಿಯೇಬಿಟ್ಟೆ.

"ಏನಮ್ಮಾ? ಕಾಯಿ ನಿಲ್ಲಿಸ್ಬೇಕಾ?"

ತೋಟದ ಮರದ ನೆತ್ತಿಯಿಂದ ಬೋರಣ್ಣ ಕೂಗಿದ್ದ. ಆಮೇಲೆ ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ನಕ್ಕ. ಅಷ್ಟು ದೂರ ಮುಟ್ಟಿದ್ದು ಅವನಿಗೂ ಮುಟ್ಟಿತ್ತೆಂದು ಕಾಣುತ್ತದೆ.

"ಆಯ್ತು ಬುಡು. ಓದು. ಗಂಡಿನೋರಿಗೆ ನಾನು ಏನಾದ್ರೂ ಹೇಳ್ಕೋತೀನಿ" ಎಂದ.

ನಾನು ಅತ್ತೆಯ ಕಡೆ ತಿರುಗಿದರೆ ಅವಳು ಅಲ್ಲಿರಲಿಲ್ಲ. ಹುಡುಕಿಕೊಂಡು ಹಿತ್ತಿಲಿಗೆ ಓಡಿದೆ. ಕಲ್ಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು, ಭುಜ ಅಲುಗುತ್ತಿತ್ತು. "ಅತ್ತೆ" ಎಂದರೆ ತಿರುಗಲಿಲ್ಲ. ಹಿಡಿದು ತಿರುಗಿಸಿದೆ. ಎರಡು ಬೆರಳು ಹಾಕಿ ಬಾಯಿಂದ ಏನನ್ನೋ ಬಿಡಿಸಿಕೊಳ್ಳುತ್ತಿದ್ದಳು. ನೋಡಿದರೆ ಒಂದು ದೊಡ್ಡ ಕೊಬ್ಬರಿ ಚೂರು! ಅಪ್ಪನಿಗೆ ನೀರು ಕೊಟ್ಟು ಒಳಗೆ ಹೋದಾಗ ಕೊಬ್ಬರಿ ಗಿಟುಕು ಒಡೆದು ಬಾಯಿ ತುಂಬ ತುರುಕಿಕೊಂಡು ಬಂದಿದ್ದಳು. ಅಗಿಯಲಿಕ್ಕಲ್ಲ, ಕಚ್ಚಿ ಹಿಡಿಯಲಿಕ್ಕೆ. ಚೂರಿನ ಮೇಲೆ ಸಾಲಾಗಿ ಹಲ್ಲಿನ ಗುರುತು ಮೂಡಿತ್ತು.

"ಬಾಯಿ ಬುಟ್ರೆ ನಾನೇ ಆಡ್ಬುಡ್ತಿದ್ದೆ ಕಣೇ" ಎಂದಳು. ದವಡೆ ಹಿಡಿದುಕೊಂಡು ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು. "ನಿಮ್ಮಪ್ಪ ಆ ಸೊಂಟನೋವಿನ ಮಾತು ಎತ್ತಿದಾಗಂತೂ ತಡ್ಕಳಕ್ಕೇ ಆಗ್ಲಿಲ್ಲ."

ನಾನು ಆ ಕೊಬ್ಬರಿ ಚೂರನ್ನು ಅವಳ ಕೈಯಿಂದ ಕಿತ್ತುಕೊಂಡು, ಎಂಜಲೆನ್ನದೆ ಬಾಯಿಗೆ ಹಾಕಿಕೊಂಡೆ. ಬೇರೆ ದಿನವಾಗಿದ್ದರೆ ಎಂಜಲು ತಿಂದದ್ದಕ್ಕೆ ದೊಡ್ಡ ಜಗಳವೇ ಆಗುತ್ತಿತ್ತು. ಅವತ್ತು ಅತ್ತೆ ಏನೂ ಅನ್ನಲಿಲ್ಲ. ನಾನು ಅಗಿದು ಮುಗಿಸುವವರೆಗೂ ನನ್ನ ಬಾಯನ್ನೇ ನೋಡುತ್ತಾ ಕೂತಿದ್ದಳು.