ಕರಕಿಯೋ, ಹತ್ತರಕಿಯೋ

ಇಷ್ಟೆಲ್ಲ ಆದದ್ದು ಸಾಹೇಬರ ಮೋಟಾರಿನ ಗಾಲಿಗೆ ಜಾಲಿಮುಳ್ಳು ನಟ್ಟಿದ್ದರಿಂದ.

ಆಗ ನಿಜಾಮ ಸರಕಾರದ ಕಾಲ. ಬೀದರದ ದೊಡ್ಡ ಸಾಹೇಬರು ದೌರೆಯ ಮೇಲೆ, ಊರೂರು ತಪಾಸಣೆ ಮಾಡುತ್ತ, ಹುಮ್ನಾಬಾದಿಗೆ ಬರುತ್ತಿದ್ದಾಗ ಊರ ಹೊರಗೆ ಮೋಟಾರು ನಿಂತಿತು. ಡ್ರೈವರನು ಗಾಲಿ ಬಿಚ್ಚಿ ಕಟ್ಟುವವರೆಗೆ ಸಾಹೇಬರು ಹಳ್ಳದ ದಂಡೆಯ ಕರಕಿ ಹುಲ್ಲಿನ ಮೇಲೆ ಕೂತರು. ಮೆತ್ತಗೆ ಅನಿಸಿತು. ಎದುರಿನ ಹೊಲದ ಬದುವಿನಲ್ಲಿ ಯಾವುದೋ ಹಳದಿ ಕಾಡುಹೂ ಅರಳಿತ್ತು. ಚಂದ ಅನಿಸಿತು. ದೊಡ್ಡವರಿಗೆ ಹೀಗೆ ಒಂದೆರಡು ಸಲ ಏನಾದರೂ ಅನಿಸಿಬಿಟ್ಟರೆ ಸಣ್ಣವರ ನಿದ್ದೆ ಹೋಯಿತೆಂದೇ ತಿಳಿಯಬೇಕು.

ಮುಸಾಫಿರ ಬಂಗಲೆಗೆ ಬಂದವರೇ ಮಾಲಿ ಕಾಶಿರಾಮನನ್ನು ಕರೆಸಿದರು.

"ಈ ವಿಲಾಯಿತಿ ಗುಲಾಬಿ ನಾ ಬಂದಾಗೊಮ್ಮೆ ಸಾಯಾಕತ್ತಿರ್ತಾವ. ಕಿತ್ತು ಒಗಿ. ಎಡಕ್ಕ ಕರಕಿ ಹಚ್ಚು, ಬಲಕ್ಕ ಆ ಹಳದಿ ಹೂ ಹಚ್ಚು. ಚಳಿಗಾಲದಾಗ ಬಂದು ನೋಡ್ತೀನಿ. ಯಾವುದು ಗೆಲ್ಲತದ, ಅದು ಜಿಲ್ಲಾದ ಎಲ್ಲಾ ಬಂಗಲೆಗೂ ಹೋಗ್ತದ. ಗೆಲ್ಲಿಸಿ ತೋರಿಸು, ನೀ ಕೇಳಿದ್ದು ಕೊಡ್ತೀನಿ."

ಕಾಶಿರಾಮ ಕೇಳಬೇಕಾದದ್ದು ಒಂದೇ ಇತ್ತು: ಕಲ್ಯಾಣಕ್ಕೆ ಬದಲಿ. ಅಲ್ಲಿಯ ಬಂಗಲೆಯಲ್ಲಿ ಮಾಲಿ ಇರಲಿಲ್ಲ. ಆ ಊರಲ್ಲಿ ಅವನ ಹೆಂಡತಿ ಗಯಾಬಾಯಿ ಇದ್ದಳು, ಮಗಳು ಶೇವಂತಾ ಇದ್ದಳು. ತಿಂಗಳಿಗೊಮ್ಮೆ ಯಾರದೋ ಬಂಡಿ ಹತ್ತಿ ಹೋಗಿ ಬರುತ್ತಿದ್ದ. ಹೋದ ಸಲ ಆ ಪುಟ್ಟ ಮಗಳು ತಾಯಿಯ ಸೆರಗು ಜಗ್ಗಿ, "ಅವ್ವಾ, ಈ ಮಾಮಾ ಯಾವಾಗ ಹೋಗ್ತಾನ?" ಎಂದು ಕೇಳಿದ್ದಳು. ಗಯಾಬಾಯಿ ನಕ್ಕಳು. ಕಾಶಿರಾಮನೂ ನಕ್ಕ. ಹುಮ್ನಾಬಾದ ಮುಟ್ಟುವವರೆಗೂ ಆ ನಗೆ ಒಣರೊಟ್ಟಿಯ ತುಣುಕಿನಂತೆ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಹಾಗಾಗಿ ಮಾತಿಗೆ ಎದುರಾಡದೆ ಹುಲ್ಲನ್ನೂ ಹೂವನ್ನೂ ತಂದು ನೆಟ್ಟ. ಆ ಹಳದಿ ಹೂ ಹತ್ತರಕಿಯದು, ಬಡವರು ಅದರ ಎಲೆಯನ್ನು ರೊಟ್ಟಿಗೆ ನಂಜಿಕೊಳ್ಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಸಾಹೇಬರು ಕೇಳಲಿಲ್ಲ, ಇವನು ಹೇಳಲಿಲ್ಲ. ಎರಡಕ್ಕೂ ನೀರು ಹೊತ್ತು ಹೊತ್ತು ಹೆಗಲು ಕಾಯಿಗಟ್ಟಿತು. ಎಡಕ್ಕೆ ಹಸಿರು ಜಮಖಾನೆ, ಬಲಕ್ಕೆ ಅರಿಸಿಣ ಚೆಲ್ಲಿದ ಹಾಗೆ ಹೂ.

ಸಾಹೇಬರು ಬರುವ ದಿನ ಬಂತು. ಸೋಮವಾರ, ಹೊತ್ತು ಇಳಿದ ಮೇಲೆ ಬರುತ್ತಾರೆಂದು ಸುದ್ದಿ. ಬಂಗಲೆಯ ಖಾನಸಾಮಾ ಬದ್ರುದ್ದೀನ್ ಅಡಿಗೆಮನೆಯ ಕಟ್ಟೆಯ ಮೇಲೆ ಈರುಳ್ಳಿ ಸುಲಿಯುತ್ತ ಕೂತಿದ್ದ.

"ಕಾಶ್ಯಾ, ನಿನ್ನ ಹೂ ಸೋತ್ಹಂಗ ತಿಳಿ."

"ಯಾಕ್ರಿ ಬದ್ರುಭಾಯಿ?"

"ಅದು ಕಚೇರಿ ಗುಮಾಸ್ತ ಇದ್ದಂಗ. ಮುಂಜಾನಿ ಬಾಯಿ ತೆಗೀತದ, ಮಧ್ಯಾಹ್ನ ಆತಂದ್ರ ಮುಚ್ಚಿಬಿಡ್ತದ. ಹುಜೂರ್ ಬರೂದ್ರಾಗ ಒಂದು ಹೂ ಎದ್ದಿರೂದಿಲ್ಲ."

ಕಾಶಿರಾಮ ಬಲಗಡೆಯ ಹೂಗಳತ್ತ ತಿರುಗಿ ನೋಡಿದ. ಇಷ್ಟು ದಿನ ನೀರು ಹಾಕಿದವನಿಗೆ ಇದು ಹೊಳೆದಿರಲಿಲ್ಲ. "ಮತ್ತ ಕರಕಿ?"

"ಕರಕಿ ನಮ್ಮ ಅತ್ತಿ ಇದ್ದಂಗ. ತುಳದ್ರೂ ಹೋಗೂದಿಲ್ಲ, ಬೈದ್ರೂ ಹೋಗೂದಿಲ್ಲ. ಬ್ಯಾಸಗ್ಯಾಗ ಸತ್ತಂಗ ಮಾಡಿ ಮಳಿಗಾಲಕ್ಕ ಮತ್ತ ಬಂದು ಕುಂದರ್ತಾಳ. ಅದs ಗೆಲ್ಲೂದು, ಬರದಿಟ್ಕೋ."

ಕಾಶಿರಾಮನ ಜೀವ ಮರಳಿ ಬಂತು. ಕರಕಿಯನ್ನು ಇನ್ನೊಮ್ಮೆ ಕೈಯಿಂದ ಸವರಿ, ಅಗಸನಿಗೆ ಒಗೆಯಲು ಕೊಟ್ಟಿದ್ದ ರುಮಾಲು ತರಲು ಬಜಾರಿಗೆ ಹೊರಟ. ಅಗಸ ಅದನ್ನು ಇನ್ನೂ ಹಿಂಡಿರಲಿಲ್ಲ. ಅವನೊಡನೆ ಜಗಳಾಡಿ, ಹಸಿ ರುಮಾಲನ್ನೇ ತಲೆಗೆ ಸುತ್ತಿಕೊಂಡು, ಕಿವಿಯ ಮೇಲೆ ನೀರು ತೊಟ್ಟಿಕ್ಕಿಸುತ್ತ ಬಂಗಲೆಗೆ ಬಂದ.

ಬಂದವನು ಗೇಟಿನಲ್ಲೇ ನಿಂತ. ಎಡಗಡೆಯ ಹಸಿರು ಜಮಖಾನೆ ಇರಲಿಲ್ಲ. ಅಲ್ಲಿ ಕರಿ ಮಣ್ಣು ಬಾಣಂತಿಯ ಮಂಚದಷ್ಟು ಚೊಕ್ಕಟವಾಗಿತ್ತು. ಆಚೆ ಓಣಿಯ ದ್ರೌಪತವ್ವ, ಇನ್ನೊಂದಿಷ್ಟು ಹೆಂಗಸರನ್ನು ಕಟ್ಟಿಕೊಂಡು, ಗುದ್ದಲಿ ಊರಿ ಬೆವರು ಒರೆಸಿಕೊಳ್ಳುತ್ತಿದ್ದಳು.

"ಬಂದ್ಯಾ ತಮ್ಮಾ! ದಿನಾ ಹೊಲಕ್ಕ ಹೋಗುವಾಗ ನೋಡ್ತಿದ್ದೆ, ನಿನ್ನ ತ್ವಾಟದಾಗ ಕರಕಿ ಹೊಕ್ಕಿತ್ತು. ಕಳ್ಳ ಹೊಕ್ರ ಗಂಟು ಹೋಗ್ತದ, ಕರಕಿ ಹೊಕ್ರ ಭೂಮೀನs ಹೋಗ್ತದ. ಪಾಪ, ಒಬ್ಬನs ಏನ್ ಮಾಡ್ಯಾನು ಅಂದೆ. ಇವತ್ತ ಸೋಮಾರ, ಬಸವಣ್ಣನ ದಿನ, ಎತ್ತು ಹೂಡಂಗಿಲ್ಲ. ಎಲ್ಲಾರೂ ಕೂಡಿ ಬೇರುಸಹಿತ ತಗದೀವಿ. ಕೂಲಿ ಗೀಲಿ ಬ್ಯಾಡ ಮತ್ತ!"

ಕಾಶಿರಾಮ ಹಸಿ ರುಮಾಲಿನ ಸಮೇತ ನೆಲಕ್ಕೆ ಕುಸಿದ. "ಯವ್ವಾ, ಅದನ್ನ ನಾನs ಹಚ್ಚಿದ್ದೆ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಕರಕಿ ಹಚ್ಚಿದ್ಯಾ?" ದ್ರೌಪತವ್ವ ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಹೆಂಡ್ತಿ ಊರಾಗಿಲ್ಲ ನೋಡು, ಅದಕ್ಕ ಹಿಂಗ."

"ಬೇರು ಎಲ್ಲಿ ಒಗದೀರಿ?"

"ಟಾಂಗಾದವ ಹೊಂಟಿದ್ದ. ಕುದರಿಗೆ ಹಾಕಿದಿವಿ. ಪುಣ್ಯ ಬರ್ತದ."

ಕಾಶಿರಾಮ ಚೀಲ ಎತ್ತಿಕೊಂಡು ಹಳ್ಳಕ್ಕೆ ಓಡಿದ. ಅಲ್ಲಿ ಎಮ್ಮೆಗಳು ಅವನಿಗಿಂತ ಮೊದಲೇ ಬಂದಿದ್ದವು. ಅವು ಬಿಟ್ಟಷ್ಟನ್ನು ಕಿತ್ತು, ಕೆಸರಿನಲ್ಲಿ ಜಾರಿ, ಎದ್ದು, ಅರ್ಧ ಚೀಲ ತುಂಬಿಕೊಂಡ. ಬರುವಾಗ ದಾರಿಯಲ್ಲಿ ಮನಸ್ಸಿಗೆ ಒಂದು ಸಮಾಧಾನ ಹುಟ್ಟಿತು: ಕರಕಿ ಹೋದರೂ ಹತ್ತರಕಿ ಇದೆಯಲ್ಲ. ಹೂ ಮುಚ್ಚಿದ್ದರೇನು, ಗಿಡ ನೋಡಿ ಸಾಹೇಬರು ತಿಳಿದುಕೊಂಡಾರು.

ಬಂಗಲೆಯಲ್ಲಿ ಹೆಂಗಸರು ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಎಲ್ಲರ ರೊಟ್ಟಿಯ ಮೇಲೂ ಹಸಿರು ಸೊಪ್ಪು, ಅದರ ಮೇಲೆ ಶೇಂಗಾ ಹಿಂಡಿ. ಕಾಶಿರಾಮ ಬಲಗಡೆಗೆ ತಿರುಗಿ ನೋಡಿದ. ಅಲ್ಲಿಯೂ ಬರೀ ಮಣ್ಣು.

"ಬಾ ತಮ್ಮಾ, ಉಣ್ಣು," ಎಂದಳು ದ್ರೌಪತವ್ವ. "ಕೂಲಿ ಬ್ಯಾಡ ಅಂದಿದಿವಿ, ಪಲ್ಯಾ ಬ್ಯಾಡ ಅಂದಿಲ್ಲ. ಹೂ ಬಿಟ್ಟು ಒಂದೀಟು ಕಹಿ ಆಗ್ಯಾದ. ಇರ್ಲಿ, ಖಾರ ಹಚ್ಚಿದ್ರ ಗೊತ್ತಾಗೂದಿಲ್ಲ."

ಅವನ ಕೈಯಿಂದ ಚೀಲ ಜಾರಿತು. ಅದು ನೆಲಕ್ಕೆ ಬೀಳುವುದಕ್ಕೂ ಗೇಟಿನಲ್ಲಿ ಮೋಟಾರಿನ ಭೋಂಪು ಕೇಳುವುದಕ್ಕೂ ಸರಿಹೋಯಿತು. ಬದ್ರುದ್ದೀನ್ ಬಂದು ಸುತ್ತ ನೋಡಿ, "ಯಾ ಅಲ್ಲಾ, ಇದೇನು ಖಬರಸ್ತಾನ ಮಾಡಿಟ್ಟೀದಿ!" ಎಂದವನೇ ಆ ಚೀಲವನ್ನು ಬಾವಿಯ ಹಿಂದೆ ಒಗೆದ.

ಸಾಹೇಬರು ಇಳಿದರು. ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಕೆಸರು ಮೆತ್ತಿಕೊಂಡು ನಿಂತ ಕಾಶಿರಾಮನನ್ನು ನೋಡಿದರು.

"ಕರಕಿ ಎಲ್ಲದ?"

ಕಾಶಿರಾಮನ ಬಾಯಿ ಮಧ್ಯಾಹ್ನದ ಹತ್ತರಕಿಯಂತೆ ಮುಚ್ಚಿಕೊಂಡಿತ್ತು. ದ್ರೌಪತವ್ವ ಸೆರಗು ಸರಿಮಾಡಿಕೊಂಡು ಎದ್ದಳು. "ನಾವು ಅಗದು ಒಗದಿವ್ರಿ ಸರ್ಕಾರ. ಕರಕಿ ವೈರಿ ಇದ್ದಂಗ, ಸಾಹೇಬರ ಅಂಗಳದಾಗ ಇರಬಾರದು."

"ಹೂ?"

"ಅದನ್ನ ಉಂಡಿವ್ರಿ. ತಾವೂ ಒಂದ ತುತ್ತ ನೋಡ್ರಲ್ಲ," ಎಂದು ಅವಳು ರೊಟ್ಟಿಯ ಚೂರಿನಲ್ಲಿ ಸೊಪ್ಪು ಸುತ್ತಿ ಮುಂದೆ ಹಿಡಿದೇಬಿಟ್ಟಳು. ಡ್ರೈವರ್ ಕಣ್ಣು ಮುಚ್ಚಿಕೊಂಡ.

ಸಾಹೇಬರಿಗೂ ಹಸಿವಿತ್ತೋ ಏನೋ. ಬಾಯಿಗೆ ಹಾಕಿದರು. ಅಗಿದರು. ಕಣ್ಣಲ್ಲಿ ನೀರು ಬಂತು. ಇನ್ನೊಂದು ತುತ್ತಿಗೆ ಕೈ ಚಾಚಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಶಾಬಾಸ್! ಇದಕ್ಕಿಂತ ಚಲೋ ಫೈಸಲಾ ಯಾರು ಮಾಡ್ಯಾರು? ಕರಕೀನ ಜನ ಇರಗೊಡಲಿಲ್ಲ, ಹೂವನ್ನ ಜನ ಬಿಡಲಿಲ್ಲ. ಹೂ ಗೆದ್ದದ! ಎಲ್ಲಾ ಬಂಗಲೆಗೂ ಇದs ಹಚ್ರಿ."

ಹೆಂಗಸರು ಚಪ್ಪಾಳೆ ತಟ್ಟಿದರು. ಬದ್ರುದ್ದೀನ್ ಕಾಶಿರಾಮನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಸಾಹೇಬರು ತಮ್ಮ ಹೆಗಲ ಮೇಲಿನ ಶಾಲನ್ನೇ ತೆಗೆದು, ಕೆಸರನ್ನೂ ಲೆಕ್ಕಿಸದೆ, ಅವನಿಗೆ ಹೊದಿಸಿದರು. "ಬೋಲ್, ಏನು ಬೇಕು?"

ಎಲ್ಲ ಕಣ್ಣುಗಳೂ ತನ್ನ ಮೇಲೆ. ಕಾಶಿರಾಮನ ನಾಲಗೆ ತೊಡರಿತು. "ಹುಜೂರ್... ಕಲ್ಯಾಣ... ನನ್ನನ್ನ..."

ದಿನಾ ಸಂಜೆಯ ಪಗಡೆಯಾಟಕ್ಕೆ ಇವನ ಜೊತೆ ತಪ್ಪೀತೆಂದು ಬದ್ರುದ್ದೀನ್ ಥಟ್ಟನೆ ಕೈ ಜೋಡಿಸಿದ. "ನಾ ಹೇಳ್ತೀನ್ರಿ ಹುಜೂರ್! ಕಲ್ಯಾಣಕ್ಕ ಕಳಸ್ತಾರಂತ ಯಾರೋ ಹೆದರ್ಸ್ಯಾರ ಇವಗ. ಬಡವನ್ನ ಇಲ್ಲೇ ಇಟ್ಕೋರಿ."

"ಹೌದ್ರಿ ಸರ್ಕಾರ," ದ್ರೌಪತವ್ವನೂ ದನಿಗೂಡಿಸಿದಳು. "ನಮ್ಮ ತಮ್ಮ ನಮ್ಮೂರ ಬಿಟ್ಟು ಎಲ್ಲಿ ಹೋಗ್ತಾನ್ರಿ!"

"ಇಷ್ಟೇನಾ? ಕಾಯಂ! ನೌಕರಿ ಇರೂತನಕ ಹುಮ್ನಾಬಾದs," ಎಂದರು ಸಾಹೇಬರು. ಆಮೇಲೆ ಬೆರಳೆತ್ತಿ, "ಆದ್ರ ಕೇಳು. ಇಲ್ಲಿ ಇನ್ನು ಕರಕೀದು ಒಂದ ಎಸಳು ಕಂಡ್ರೂ ನಿನ್ನ ಕಲ್ಯಾಣಕ್ಕ ಅಟ್ಟತೀನಿ. ಅಲ್ಲಿ ಬಂಗಲೆ ತುಂಬ ಅದs ಅದ. " ದ್ರೌಪತವ್ವನ ಕಡೆ ತಿರುಗಿದರು. "ಅವ್ವಾ, ನೀ ನಾಳೆ ಸರ್ಕಾರಿ ಬಂಡ್ಯಾಗ ಅಲ್ಲಿಗೆ ಹೋಗಿ ಅದನ್ನೂ ತೆಗಿ."

ಜಯಕಾರದ ನಡುವೆ ಸಾಹೇಬರು ಚಹಕ್ಕೆ ಒಳಗೆ ಹೋದರು. ಜನ ಕಾಶಿರಾಮನ ಬೆನ್ನು ತಟ್ಟಿ ತಟ್ಟಿ ಚದುರಿದರು. ಶಾಲು ಹೊದ್ದುಕೊಂಡು ಅವನೊಬ್ಬನೇ ತೋಟದ ಮೂಲೆಗೆ ಬಂದ. ಅಲ್ಲಿ, ಕಲ್ಲಿನ ಸಂದಿಯಲ್ಲಿ, ಗುದ್ದಲಿಗೆ ತಪ್ಪಿಸಿಕೊಂಡ ಒಂದೇ ಒಂದು ಕರಕಿಯ ಎಸಳು ತಲೆ ಎತ್ತಿ ನಿಂತಿತ್ತು. ಕಾಶಿರಾಮ ಆಚೀಚೆ ನೋಡಿದ. ಬಾವಿಗೆ ಹೋಗಿ ತಂಬಿಗೆ ತುಂಬಿಕೊಂಡು ಬಂದು, ಎಳೆಗೂಸಿಗೆ ಎರೆದ ಹಾಗೆ ಮೆಲ್ಲಗೆ ನೀರು ಹಾಕಿದ.

"ಅಯ್ಯ, ಇಲ್ಲೊಂದು ಉಳದಿತ್ತೇನು!"

ಮರೆತ ಗುದ್ದಲಿಗೆಂದು ತಿರುಗಿ ಬಂದಿದ್ದಳು ದ್ರೌಪತವ್ವ. ನೀರು ಕುಡಿದು ಮೆತ್ತಗಾಗಿದ್ದ ಮಣ್ಣಿನಿಂದ ಆ ಎಸಳನ್ನು ಬೇರುಸಹಿತ ಹಿರಿದು, ಹಲ್ಲಿಯ ಬಾಲ ಹಿಡಿದಂತೆ ಎತ್ತಿ ತೋರಿಸಿದಳು.

"ನೀರ ಹಾಕಿ ಕೀಳೂದು ಒಳ್ಳೇ ಹಿಕಮತ್ತು ಬಿಡು ತಮ್ಮಾ! ಇನ್ನ ಹೆದರಬ್ಯಾಡ, ನಿನ್ನ ಯಾರೂ ಕಲ್ಯಾಣಕ್ಕ ಅಟ್ಟೂದಿಲ್ಲ. ನಾಳೆ ನಾ ಹೊಂಟೀನಿ ನೋಡು ಅಲ್ಲಿಗೆ, ನಿಮ್ಮ ಮನ್ಯಾಗs ಇಳ್ಕೋತೀನಿ. ಏನರ ಹೇಳೂದದ ಏನು?"

ಕಾಶಿರಾಮ ಖಾಲಿ ತಂಬಿಗೆ ಕೆಳಗಿಟ್ಟ.

"ಹೇಳಬೇ ಯವ್ವಾ, ನಮ್ಮ ಶೇವಂತಾಗ... ಮಾಮಾ ಆರಾಮ ಅದಾನಂತ ಹೇಳು."