ಕುಸುಬಿ ಎಣ್ಣೆ ಕುಡಿದ ಗೇರು

ಯಾವುದಾದರೂ ಒಂದು ವಸ್ತು ಸುಮ್ಮನೆ ಸರಿಯಾಗಿ ಕೆಲಸ ಮಾಡುತ್ತಿದ್ದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ಇದು ರೋಗವೋ ದುರಭ್ಯಾಸವೋ ಗೊತ್ತಿಲ್ಲ. ಗೋಡೆ ಗಡಿಯಾರ, ಸ್ಟೋವ್, ಟೇಬಲ್ ಫ್ಯಾನು ಎಲ್ಲವೂ ನನ್ನ ಕೈಯಲ್ಲಿ ಸುಧಾರಿಸುತ್ತ ಸುಧಾರಿಸುತ್ತ ಸತ್ತವು. ರೋಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಇಷ್ಟಾದರೂ ಸ್ವಾತಂತ್ರ್ಯ ಬೇಡವೇ ಎಂದು ನನ್ನ ವಾದ. “ವಿಜ್ಞಾನ ಸಾಲ್ಯಾಗ ಬಿಟ್ಟು ಬರ್ರಿ, ಮನಿಗೆ ಕೈ ಬೀಸಿಕೋತ ಬರ್ರಿ” ಎಂದು ಹೆಂಡತಿ ಗಿರಿಜಾಳ ವಾದ.

ಎರಡು ಸಾವಿರದ ಆರನೇ ಇಸವಿಯೋ ಏಳೋ ಇರಬೇಕು. ಕೇಳಿದರೆ ನನ್ನ ನೆನಪು ತಕ್ಷಣ ‘ಆರು’ ಎನ್ನುತ್ತದೆ. ಅಷ್ಟು ಲಗುಬಗೆಯಿಂದ ಉತ್ತರ ಕೊಡುವ ಹುಡುಗರನ್ನು ನಾನು ತರಗತಿಯಲ್ಲೂ ನಂಬುವುದಿಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದಿದ್ದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಸೈಕಲ್ಲನ್ನು ನನಗೆ ಕೊಟ್ಟರು. ಗುಡ್ಡ ಹತ್ತುವುದಕ್ಕೆಂದೇ ಮಾಡಿದ, ದಪ್ಪ ಟಾಯರಿನ ವಿದೇಶಿ ಸೈಕಲ್ಲು. ಹ್ಯಾಂಡಲ್ಲಿನ ಮೇಲೆ ಎರಡು ಪುಟ್ಟ ಲೋಹದ ಹಿಡಿಕೆಗಳು. ಹೆಬ್ಬೆರಳಿನಿಂದ ತಳ್ಳಿದರೆ ಗೇರು ಬದಲಾಗುತ್ತದೆ. ಈಗಿನವುಗಳಂತೆ ಟಕ್ ಟಕ್ ಎನ್ನುವುದಿಲ್ಲ. ತಳ್ಳಿದಲ್ಲಿ ಬರೀ ಘರ್ಷಣೆಯ ಬಲದಿಂದ ನಿಲ್ಲುತ್ತದೆ. ಘರ್ಷಣೆ ಎಂಬ ಪಾಠವನ್ನು ಅಷ್ಟು ವರ್ಷ ಕಲಿಸಿದವನು ಅದನ್ನು ಹೆಬ್ಬೆರಳಿನ ಕೆಳಗೆ ಕಂಡಾಗ ಮರುಳಾಗದೆ ಇರಲು ಸಾಧ್ಯವೇ?

ಸೈಕಲ್ಲು ನಾಲ್ಕು ತಿಂಗಳು ನಮ್ಮ ಪಡಸಾಲೆಯಲ್ಲಿ ಅಂಗಾತ ಬಿದ್ದಿತ್ತು. ಹಿಂದಿನ ಗಾಲಿಯ ಏಳು ಹಲ್ಲುಚಕ್ರಗಳ ಗೊಂಚಲು, ಅದಕ್ಕೆ ಕ್ಯಾಸೆಟ್ ಎನ್ನುತ್ತಾರೆ, ಸವೆದು ಚೈನು ಜಾರುತ್ತಿತ್ತು. ನರಗುಂದದಲ್ಲಿ ಕಾಳಿನ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ, ಕಡಲೆ ಚೀಲಗಳ ಹಿಂದೆ, ಅಂಥದೇ ಇನ್ನೊಂದು ಸೈಕಲ್ಲಿನ ಅಸ್ಥಿಪಂಜರವಿದೆ ಎಂದು ತಿಳಿದು ಬಸ್ಸು ಹಿಡಿದು ಹೋದೆ. ಕ್ಯಾಸೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಕೂಸನ್ನು ತರುವಂತೆ ತಂದೆ. ಬಸ್‌ಸ್ಟ್ಯಾಂಡಿನ ಬಳಿ ಸೈಕಲ್ ಅಂಗಡಿ ಇಟ್ಟಿದ್ದ ಮೌಲಾಸಾಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಸರ, ಏಳು ಯಾಕ ಬೇಕ್ರಿ? ಮನಷ್ಯಾಗ ಕಾಲು ಎರಡ ಅದಾವ.”

“ಏರಿಗೆ ಒಂದು, ಇಳಿಜಾರಿಗೆ ಒಂದು, ಎದುರು ಗಾಳಿಗೆ ಒಂದು...”

“ಏರಿಗೆ ನಾವು ಇಳದು ನಡಿತೀವ್ರಿ. ಅದಕ್ಕ ಕೇಬಲ್ ಬೇಕಾಗಂಗಿಲ್ಲ.”

ಆದರೂ ಪುಣ್ಯಾತ್ಮರು ನಟ್ಟು ಬಿಚ್ಚುವ ಹಳೆಯ ಪಾನಾ ಒಂದನ್ನು ಅರದಿಂದ ತಿಕ್ಕಿ, ಕ್ಯಾಸೆಟ್ ಬಿಗಿಯಲು ಬೇಕಾದ ಆಯುಧವನ್ನು ತಾವೇ ಮಾಡಿಕೊಂಡರು. ಗೇರಿನ ತಂತಿ ಸಿಗದೆ ಲೂನಾ ಮೊಪೆಡ್ಡಿನ ಬ್ರೇಕ್ ತಂತಿಯನ್ನು ಜೋಡಿಸಿದರು. ಇನ್ನು ರಿಪೇರಿಗೆ ಉಳಿದದ್ದು ಬಲಗಡೆಯ ಹಿಡಿಕೆಯೊಂದೇ. ಅದು ತಳ್ಳಿದರೆ ಕರಕರ ಎನ್ನುತ್ತಿತ್ತು. “ಬಿಡ್ರಿ ಸರ, ಅದು ಇರೋದ ಹಂಗ” ಎಂದರು ಮೌಲಾಸಾಬರು. ಬಿಡಬೇಕಾಗಿತ್ತು.

ನಮ್ಮ ಕಡೆ ಕರಕರ ಎನ್ನುವುದಕ್ಕೆಲ್ಲ ಔಷಧ ಒಂದೇ, ಕುಸುಬಿ ಎಣ್ಣೆ. ಬಾಗಿಲ ತಿರುಗಣಿಗೂ ಅದೇ, ಬದನೆಕಾಯಿ ಪಲ್ಯಕ್ಕೂ ಅದೇ. ಹಿಡಿಕೆಯೊಳಕ್ಕೆ ಎರಡು ಚಮಚ ಬಿಟ್ಟೆ. ಆಹಾ, ಬೆಣ್ಣೆಯಂತಾಯಿತು! ಎಷ್ಟೆಂದರೆ ತಳ್ಳಿದಲ್ಲಿ ನಿಲ್ಲದೆ ಹಿಂದಕ್ಕೆ ಜಾರಿತು. ಸ್ಕ್ರೂ ಬಿಗಿದೆ. ನಿಂತಿತು. ಆ ಹೊತ್ತಿನಲ್ಲಿ ಗಿರಿಜಾ, “ನನ್ನ ಹೊಲಿಗಿ ಮಷಿನ್ನಿಗೆ ಕುಸುಬಿ ಎಣ್ಣಿ ಯಾಕ ಹಾಕಂಗಿಲ್ಲ, ಗೊತ್ತದ ಏನು?” ಎಂದು ಕೇಳಿದ್ದಳಂತೆ. ಕೇಳಿಯೇ ಇಲ್ಲ ಎಂದು ನಾನು. ಕೇಳಿದೆ, ನೀವು ‘ಹೂಂ’ ಅಂದಿರಿ ಎಂದು ಅವಳು. ಹೂಂ ಎನ್ನುವುದು ನನ್ನ ಸ್ವಭಾವವಾದ್ದರಿಂದ ಆ ವಾದದಲ್ಲಿ ಸೋತಿದ್ದೇನೆ.

ಅಷ್ಟರಲ್ಲಿ ಅವಳ ತಾಳ್ಮೆ ಮುಗಿದಿತ್ತು. ಮುಂದಿನ ಭಾನುವಾರ ಗಜೇಂದ್ರಗಡದಲ್ಲಿ ಅವಳ ಅಣ್ಣನ ಮನೆಯಲ್ಲಿ ಮೊಮ್ಮಗುವಿನ ತೊಟ್ಟಿಲು ಕಾರ್ಯ. “ನೋಡ್ರಿ, ನಾ ಬಸ್ಸಿಗೆ ಹೊಕ್ಕೀನಿ. ನೀವು ಇದರ ಮ್ಯಾಲ ಬರ್ರಿ. ಎಲ್ಲೂ ಇಳೀದ ಗಡ ಮುಟ್ಟಿದ್ರ, ಇದು ಪಡಸಾಲ್ಯಾಗ ಇರ್ಲಿ, ನಾ ಜನ್ಮದಾಗ ಚಕಾರ ಎತ್ತಂಗಿಲ್ಲ. ಇಳದ್ರಿ ಅಂದ್ರ, ಸೋಮವಾರ ಗುಜರಿಯಾಂವಗ” ಎಂದಳು. ಒಪ್ಪಿದೆ. ಗುರುವಾರ ಓಡಿಸಿ ನೋಡಿದರೆ ಏಳೂ ಗೇರು ಏಳು ಸ್ವರದ ಹಾಗೆ ಬಿದ್ದವು. ಸಂತೋಷಕ್ಕೆ ಸೈಕಲ್ಲನ್ನು ಮಾಳಿಗೆಗೆ ಹೊತ್ತು, ತೊಳೆದು, ಎರಡು ದಿನ ಬಿಸಿಲಿಗೆ ಒಣಗಲು ಇಟ್ಟೆ. ಏಪ್ರಿಲ್ ತಿಂಗಳ ರೋಣದ ಬಿಸಿಲು.

ಭಾನುವಾರ ಬೆಳಿಗ್ಗೆ ಅತಿ ಭಾರದ, ಅತಿ ವೇಗದ ಗೇರಿನಲ್ಲೇ ಹೊರಟೆ. ಅಬ್ಬಿಗೇರಿಯವರೆಗೆ ರಸ್ತೆ ಸಪಾಟು, ಎರಡೂ ಕಡೆ ಸೀಳುಬಿಟ್ಟ ಎರೆಹೊಲ. ಉಳಿದ ಆರು ಗೇರುಗಳನ್ನು ಏರಿಗೆಂದು ಜತನವಾಗಿ ಕಾಯ್ದಿಟ್ಟಿದ್ದೆ. ಅಬ್ಬಿಗೇರಿ ದಾಟಿದ ಮೇಲೆ ಎದುರು ಗಾಳಿ, ತೊಡೆಯಲ್ಲಿ ನೋವು, ಮನಸ್ಸಿನಲ್ಲಿ ಮೊದಲ ಬಾರಿಗೆ ಗುಜರಿಯವನ ಬಗ್ಗೆ ಒಂದು ರೀತಿಯ ಮಮತೆ. ಗಡದ ಏರು ಕಂಡಾಗ ಹೆಬ್ಬೆರಳಿನಿಂದ ಹಿಡಿಕೆ ತಳ್ಳಿದೆ. ಕದಲಲಿಲ್ಲ. ಅಂಗೈಯಿಂದ ಒತ್ತಿದೆ. ಕದಲಲಿಲ್ಲ. ಆಗ ನಮ್ಮ ಅಡುಗೆಮನೆಯ ಎಣ್ಣೆ ಡಬ್ಬಿ ಕಣ್ಣ ಮುಂದೆ ಬಂತು. ಅದರ ತಳದಲ್ಲಿ, ಹಲಗೆಯ ಮೇಲೆ, ಒಂದು ಹಳದಿ ಬಳೆ ಅಂಟಿಕೊಂಡಿರುತ್ತದೆ. ಗಾಳಿ ಬಿಸಿಲಿಗೆ ಒಣಗಿದ ಕುಸುಬಿ ಎಣ್ಣೆ ಅದು. ಪ್ರತಿ ದೀಪಾವಳಿಗೆ ನಾನೇ ಚಾಕುವಿನಿಂದ ಕೆರೆಯುವುದು. ಅದೇ ವಾರ್ನಿಶು ಈಗ ಹಿಡಿಕೆಯೊಳಗೆ ಕಲ್ಲಾಗಿ ಕುಳಿತಿತ್ತು.

ಹತ್ತು ಮಾರು ತುಳಿದೆ. ಎದೆ ಡವಡವ ಎಂದಿತು. ಇಳಿದೆ. ಹಿಂದಿನಿಂದ ಪುರ್ತಗೇರಿಯ ರೈತನೊಬ್ಬ ಕರಿ ಸೈಕಲ್ಲಿನ ಕ್ಯಾರಿಯರಿಗೆ ಹಿಂಡಿ ಚೀಲ ಕಟ್ಟಿಕೊಂಡು ನಿಂತು ತುಳಿಯುತ್ತ ಬಂದ.

“ಯಾಕ್ರಿ ಸಾಹೇಬ್ರ, ಗೇರಿನ ಸೈಕಲ್ ಇಟಗೊಂಡು ನಡ್ಯಾಕ ಹತ್ತೀರಿ?”

“ಗೇರ್ ಹಿಡಕೊಂಡೈತಪ್ಪ.”

“ಬಿಡಸ್ರಿ ಮತ್ತ!” ಎಂದು ನಕ್ಕು ಏರಿ ಹೋದ. ಅಷ್ಟು ಚಿಕ್ಕ ಮಾತಿಗೆ ಅಷ್ಟು ದೊಡ್ಡ ಅವಮಾನವನ್ನು ನಾನು ಅದಕ್ಕೂ ಮೊದಲು ಪಟ್ಟಿರಲಿಲ್ಲ. ಅದೇ ಹೊತ್ತಿಗೆ ರೋಣದ ಬಸ್ಸು ಪಕ್ಕದಲ್ಲೇ ಹಾದುಹೋಯಿತು. ಮೂರನೇ ಕಿಟಕಿಯಲ್ಲಿ ಗಿರಿಜಾ. ನಮ್ಮ ಕಣ್ಣು ಕೂಡಿದವು. ನಾನು ಹ್ಯಾಂಡಲ್ ಹಿಡಿದು, ಬೆವರುತ್ತ, ನೆಲದ ಮೇಲೆ, ಎರಡೂ ಕಾಲಿನ ಮೇಲೆ ನಿಂತಿದ್ದೆ. ಸೋತೆ ಎಂದು ಖಾತ್ರಿಯಾದಾಗ ಎಂಥ ಹಗುರ! ಉಳಿದ ದಾರಿಯನ್ನು ಸಿಳ್ಳೆ ಹಾಕುತ್ತ ನಡೆದೆ.

ಮನೆ ಮುಟ್ಟಿದಾಗ, ಪಣದ ಸುದ್ದಿ ಮೊದಲೇ ಕೇಳಿದ್ದ ಭಾವಮೈದುನ, ಗಿರಿಜಾಳ ತಮ್ಮ, ಬಾಗಿಲಲ್ಲೇ ನಿಂತು, “ಏನ್ ಮಾವ್ರ, ಎಲ್ಲೆಲ್ಲಿ ಇಳದ್ರಿ?” ಎಂದು ಹಲ್ಲು ಕಿರಿದ. ಒಳಗೆ ನಲವತ್ತು ಹೆಂಗಸರು. ನಾನು ತಪ್ಪೊಪ್ಪಿಗೆಗೆ ಬಾಯಿ ತೆರೆದೆ. ಅಷ್ಟರಲ್ಲಿ ಗಿರಿಜಾ ಆರತಿ ತಟ್ಟೆ ಹಿಡಿದೇ ಬಂದು, “ಯಾಕ ಇಳೀತಾರ? ನಾ ಬಸ್ಸಿನ್ಯಾಗಿಂದ ನೋಡೀನಿ. ಏರಿನ್ಯಾಗ ಹುಲಿ ಬಂದಂಗ ತುಳಕೋತ ಬರಾಕತ್ತಿದ್ರು” ಎಂದಳು. ತವರಿನ ಮುಂದೆ ಗಂಡನನ್ನು ಬಿಟ್ಟುಕೊಡುವ ಹೆಣ್ಣಲ್ಲ ಅವಳು. ಭಾವಮೈದುನ ನನಗೆ ಹಾರ ಹಾಕಿದ.

ಸೋಮವಾರ ಗುಜರಿಯವನು ಬೀದಿಯಲ್ಲಿ ಕೂಗುತ್ತ ಹೋದ. ನಾನು ಆಸೆಗಣ್ಣಿನಿಂದ ನೋಡಿದೆ. ಗೆದ್ದ ಸೈಕಲ್ಲನ್ನು ಕೊಡುವುದು ಹೇಗೆ? ಅವಳೂ ಮಾತಿಗೆ ತಪ್ಪಲಿಲ್ಲ, ಅಂದಿನಿಂದ ಚಕಾರ ಎತ್ತಿಲ್ಲ. ಈಗಲೂ ಪಡಸಾಲೆಯಲ್ಲಿ ನಾನು ಅದನ್ನು ದಾಟಿಕೊಂಡೇ ಓಡಾಡುತ್ತೇನೆ, ವರ್ಷಕ್ಕೆರಡು ಸಲ ಮೊಣಕಾಲು ತರಚಿಸಿಕೊಳ್ಳುತ್ತೇನೆ. ಮೊನ್ನೆ ತಾಳಲಾರದೆ ಹೇಳಿದೆ: “ನೋಡು, ಅವತ್ತು ನಾ ನಡದ ಬಂದಿದ್ದೆ. ನೀನ ನೋಡಿದ್ದಿ. ಇದನ್ನ ಕೊಟ್ಟುಬಿಡೋಣು.”

ಅವಳು ಕಾಯಿಪಲ್ಲೆ ಸೋಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆ ಕಣ್ಣಿನಲ್ಲಿ ತುಂಟತನವಿರಲಿಲ್ಲ. ಅದೇ ನನ್ನ ಭಯ.

“ಏನ್ರಿ ಹಿಂಗ ಮಾತಾಡ್ತೀರಿ, ವಯಸ್ಸಾತು ಅಂತ? ತುಳಕೋತ ಬರೋದನ್ನ ನಾ ಈ ಎರಡು ಕಣ್ಣಿಲೆ ನೋಡೀನಲ್ರಿ” ಎಂದಳು.

ನಾನು ಹೂಂ ಎಂದೆ. ನಿಜ ಹೇಳಬೇಕೆಂದರೆ ಇತ್ತೀಚೆಗೆ ನನಗೂ ಆ ಏರು ನೆನಪಾದರೆ, ಪೂರ್ತಿ ತುಳಿದೇ ಹತ್ತಿದವನಂತೆ ತೊಡೆ ಉರಿಯುತ್ತದೆ.